ಏಳು ದಿನ, ಹದಿನೈದು ದಿನ, ಆರು ತಿಂಗಳು: ನೀತಿಯ ಗಡುವುಗಳ ನಡುವೆ ಪುನಶ್ಚೇತನ ಆಸ್ಪತ್ರೆ

ಲಕ್ವ ಹೊಡೆದವರ ಜೀವ ಉಳಿಸುವ ಕೆಲಸಕ್ಕೆ ಇವತ್ತು ನಮ್ಮಲ್ಲಿ ದುಡ್ಡು ಕೊಡುವವರಿದ್ದಾರೆ. ಕಾರ್ಡ್ ಇದ್ದರೆ ಸರ್ಕಾರ, ಪಾಲಿಸಿ ಇದ್ದರೆ ವಿಮಾ ಕಂಪನಿ. ನಾಲ್ಕೂವರೆ ಗಂಟೆಯೊಳಗೆ ಬಂದರೆ ಹೆಪ್ಪು ಕರಗಿಸುವ ಚುಚ್ಚುಮದ್ದು, ಸ್ಕ್ಯಾನು, ಐಸಿಯು, ಎಲ್ಲಕ್ಕೂ ಲೆಕ್ಕವಿದೆ. ಆರೇಳು ದಿನ ಕಳೆದು ‘ಪೇಷೆಂಟ್ ಸ್ಟೇಬಲ್’ ಎಂದು ಬರೆದು ಡಿಸ್ಚಾರ್ಜ್ ಮಾಡಿದ ಮೇಲೆ ಲೆಕ್ಕ ತಪ್ಪುತ್ತದೆ. ಬಲಗೈ ಬಲಗಾಲು ಬಿದ್ದುಹೋಗಿ, ಮಾತು ಹೊರಡದೆ, ನೀರು ಕುಡಿದರೆ ಕೆಮ್ಮು ಬರುವ ಮನುಷ್ಯನಿಗೆ ಮತ್ತೆ ಕೂರಲು, ನುಂಗಲು, ಬಚ್ಚಲಿಗೆ ಹೋಗಿಬರಲು ಕಲಿಸುವ, ಅಂದರೆ ಪುನಶ್ಚೇತನದ (ರಿಹ್ಯಾಬ್), ಮುಂದಿನ ಮೂರು ತಿಂಗಳ ಖರ್ಚು ಯಾರದು? ಮಿದುಳು ಅತಿ ಹೆಚ್ಚು ಚೇತರಿಸಿಕೊಳ್ಳುವುದು ಆ ಮೂರು ತಿಂಗಳಲ್ಲೇ. ನೀತಿಗಳು ಅತಿ ಕಡಿಮೆ ಹಣ ಇಟ್ಟಿರುವುದೂ ಆ ಮೂರು ತಿಂಗಳಿಗೇ.

ಗಡುವುಗಳನ್ನು ಸಾಲಾಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತವಾದ ದಿನದಿಂದ ಗರಿಷ್ಠ 7 ದಿನದ ಚಿಕಿತ್ಸೆಗೆ ಅನ್ವಯಿಸುತ್ತದೆ. ಆಯುಷ್ಮಾನ್ ಭಾರತದ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ಆದ ನಂತರದ 15 ದಿನ ಸೇರಿದೆ. ಖಾಸಗಿ ಪಾಲಿಸಿಗಳು ಸಾಮಾನ್ಯವಾಗಿ 60 ಅಥವಾ 90 ದಿನ ಕೊಡುತ್ತವೆ, ಅದೂ ಷರತ್ತುಗಳ ಮೇಲೆ. ನರಸಂಬಂಧಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಕಾಯಿಲೆ ಶುರುವಾಗಿ ಆರು ತಿಂಗಳಾದ ಮೇಲೆ ಮೌಲ್ಯಮಾಪನ. ಬೆನ್ನುಹುರಿ ಮುರಿದ ಹುಡುಗ ಪುನಶ್ಚೇತನ ಆಸ್ಪತ್ರೆಗೆ ಬರುವುದು ಎರಡನೇ ವಾರದಲ್ಲೋ ಮೂರನೇ ವಾರದಲ್ಲೋ. ಅಷ್ಟರಲ್ಲಿ ಮೊದಲ ಬಾಗಿಲು ಮುಚ್ಚಿರುತ್ತದೆ, ಕೊನೆಯ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಬೆಂಗಳೂರಿನಂಥ ಊರುಗಳ ಪುನಶ್ಚೇತನ ಆಸ್ಪತ್ರೆಗಳು ತಮ್ಮ ಆರೈಕೆಯನ್ನು ಬದಲಾಯಿಸಿಕೊಂಡಿರುವುದು ಈ ನಡುವಿನ ಅವಧಿಯನ್ನು ದಾಟಿಸಲಿಕ್ಕೆ. ವೈದ್ಯಶಾಸ್ತ್ರ ಹೇಳಿದ್ದಕ್ಕಿಂತ ಹೆಚ್ಚಾಗಿ ಕ್ಲೇಮಿನ ಕಾಗದ ಹೇಳಿದಂತೆ ಎಂದರೂ ತಪ್ಪಾಗದು.

ಖಾಸಗಿ ವಿಮೆಯಿಂದ ಶುರು ಮಾಡೋಣ, ತಿಕ್ಕಾಟ ಹೆಚ್ಚಿರುವುದು ಅಲ್ಲೇ.

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2019ರಲ್ಲಿ ಎಲ್ಲ ಆರೋಗ್ಯ ಪಾಲಿಸಿಗಳ ಹೊರಗಿಡುವ ಷರತ್ತುಗಳಿಗೆ ಒಂದೇ ಪದಬಳಕೆ, ಒಂದೊಂದು ಕೋಡ್ ಕೊಟ್ಟಿತು. ಅದರಲ್ಲಿ ಐದನೆಯದು, ಎಕ್ಸ್‌ಕ್ಲ್ 05. ಶೀರ್ಷಿಕೆಯಲ್ಲೇ ವಿಶ್ರಾಂತಿ, ಪುನಶ್ಚೇತನ, ತಾತ್ಕಾಲಿಕ ಆರೈಕೆ ಮೂರನ್ನೂ ಒಟ್ಟಿಗೆ ಕಟ್ಟಿದ್ದಾರೆ. ಒಳಗಿನ ಒಕ್ಕಣೆ ಓದಿದರೆ ಹೊರಗಿಟ್ಟಿರುವುದು ಚಿಕಿತ್ಸೆಗಲ್ಲದೆ ಹಾಸಿಗೆಯಲ್ಲಿ ಮಲಗಿಸಲೆಂದೇ ಮಾಡಿಕೊಂಡ ದಾಖಲಾತಿಯನ್ನು. ಜೊತೆಗೆ ಸ್ನಾನ, ಬಟ್ಟೆ ತೊಡಿಸುವುದು, ಓಡಾಡಿಸುವುದು ಮುಂತಾದ ದಿನನಿತ್ಯದ ಕೆಲಸಗಳಿಗೆ ನೆರವಾಗುವ ಆರೈಕೆಯನ್ನು. ತೊಡಕು ಇರುವುದು ಇಲ್ಲೇ. ಪುನಶ್ಚೇತನದ ಗುರಿಗಳೂ ಸ್ನಾನ, ಬಟ್ಟೆ, ಓಡಾಟವೇ. ಆಯಾ ಒಬ್ಬಳು ರೋಗಿಗೆ ಸ್ನಾನ ಮಾಡಿಸಿದರೆ ಅದು ಆರೈಕೆ. ಒಂದೇ ಕೈಯಲ್ಲಿ ಸ್ನಾನ ಮಾಡಿಕೊಳ್ಳುವುದನ್ನು ಆಕ್ಯುಪೇಶನಲ್ ಥೆರಪಿಸ್ಟ್ ಕಲಿಸಿದರೆ ಅದು ಚಿಕಿತ್ಸೆ. ಟಿಪಿಎ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯ ಕಚೇರಿಯಲ್ಲಿ ಕೂತು ಕಾಗದ ನೋಡುವವರಿಗೆ ಎರಡೂ ‘ಬಾತಿಂಗ್’ ಎಂದೇ ಕಾಣುತ್ತದೆ. ಶೀರ್ಷಿಕೆಯಲ್ಲಿ ಪುನಶ್ಚೇತನದ ಹೆಸರೇ ಇರುವಾಗ ಒಳಗಿನ ಒಕ್ಕಣೆಯನ್ನು ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ.

ಇನ್ನೊಂದು ತಕರಾರು, ‘ಇದು ಆಸ್ಪತ್ರೆಯೇ ಅಲ್ಲ’ ಎಂಬುದು. ಪಾಲಿಸಿಯ ವ್ಯಾಖ್ಯಾನದಲ್ಲಿ ಆಸ್ಪತ್ರೆ ಎನಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು, ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯಡಿ ಅಥವಾ ಆ ಕಾಯ್ದೆ ಒಪ್ಪಿಕೊಂಡ ರಾಜ್ಯ ಕಾಯ್ದೆಯಡಿ ನೋಂದಣಿ. ನಮ್ಮಲ್ಲಿ ಅದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಎನ್ನುವುದು. ಎರಡು, ದಿನದ 24 ಗಂಟೆಯೂ ನರ್ಸ್ ಮತ್ತು ವೈದ್ಯರು, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ 10, ಉಳಿದೆಡೆ 15 ಹಾಸಿಗೆ, ದಿನದಿನದ ದಾಖಲೆ, ಮತ್ತು ಸ್ವಂತದ ಸುಸಜ್ಜಿತ ಆಪರೇಷನ್ ಥಿಯೇಟರ್. ಪುನಶ್ಚೇತನ ಆಸ್ಪತ್ರೆಗೆ ಆಪರೇಷನ್ ಥಿಯೇಟರ್ ಯಾಕೆ ಬೇಕು? ಬೇಡ. ಅಲ್ಲಿ ಬೇಕಾದದ್ದು ಸಮಾನಾಂತರ ಸರಳುಗಳು, ಎತ್ತರ ತಗ್ಗಿಸುವ ಮಂಚ, ಮಲಗಿದವರನ್ನು ಮೆಲ್ಲಗೆ ಎತ್ತಿ ನಿಲ್ಲಿಸುವ ಟಿಲ್ಟ್ ಟೇಬಲ್, ನುಂಗುವಿಕೆ ಪರೀಕ್ಷಿಸುವ ಸೌಲಭ್ಯ. ಆದ್ದರಿಂದ ಮೊದಲ ದಾರಿಯೇ ಗಟ್ಟಿ. ಕೆಪಿಎಂಇ ನೋಂದಣಿ ಯಾವ ವರ್ಗದಲ್ಲಿದೆ, ನವೀಕರಣ ಆಗಿದೆಯೇ, ಒಳರೋಗಿ ಹಾಸಿಗೆಗಳ ಸಂಖ್ಯೆ ಪ್ರಮಾಣಪತ್ರದಲ್ಲಿ ಸರಿಯಾಗಿದೆಯೇ ಎಂಬುದನ್ನು ಮೊದಲು ಗುಮಾಸ್ತರು ನೋಡಿಕೊಳ್ಳುತ್ತಿದ್ದರು, ಈಗ ವೈದ್ಯಕೀಯ ನಿರ್ದೇಶಕರೇ ನೋಡುತ್ತಾರೆ. ಫಿಸಿಯೋಥೆರಪಿ ಕೇಂದ್ರವೆಂದು ನೋಂದಾಯಿಸಿಕೊಂಡು ಮೇಲಿನ ಮಹಡಿಯಲ್ಲಿ ಹಾಸಿಗೆ ಹಾಕಿದ ಕಡೆ ರೋಗಿಗೆ ಎಷ್ಟೇ ಒಳ್ಳೆಯ ಚಿಕಿತ್ಸೆ ಸಿಕ್ಕರೂ ಕ್ಲೇಮ್ ನಿಲ್ಲುವುದಿಲ್ಲ.

2024ರಲ್ಲಿ ಎರಡು ಬದಲಾವಣೆಗಳಾದವು. ಜನವರಿಯಲ್ಲಿ ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ‘ಕ್ಯಾಷ್‌ಲೆಸ್ ಎವೆರಿವೇರ್’ ತಂದಿತು. ನೆಟ್‌ವರ್ಕ್‌ನಲ್ಲಿ, ಅಂದರೆ ಕಂಪನಿಯ ಒಪ್ಪಂದದ ಪಟ್ಟಿಯಲ್ಲಿ, ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಷ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ದಾಖಲಾತಿಯಾದರೆ 48 ಗಂಟೆ ಮುಂಚೆ ತಿಳಿಸಬೇಕು. ಪುನಶ್ಚೇತನದ ದಾಖಲಾತಿ ಯಾವಾಗಲೂ ಮೊದಲೇ ಗೊತ್ತಿರುವಂಥದ್ದೇ, ಹಾಗಾಗಿ ಇದರ ಲಾಭ ಹೆಚ್ಚು. ಮೇ ತಿಂಗಳ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆ, ಕ್ಯಾಷ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದಿತು. ಗಡುವು ಬಿಗಿಯಾದರೆ ರೋಗಿಗೆ ಒಳ್ಳೆಯದೇ. ಆದರೆ ಒಂದು ಗಂಟೆಯಲ್ಲಿ ನಿರ್ಧರಿಸುವವರು ಪುಟಗಟ್ಟಲೆ ಓದುವುದಿಲ್ಲ. ಮೊದಲ ಪುಟದಲ್ಲೇ ‘ಮನೆಯಲ್ಲಿದ್ದು ಹೊರರೋಗಿಯಾಗಿ ಬಂದರೆ ಯಾಕಾಗದು?’ ಎಂಬ ಪ್ರಶ್ನೆಗೆ ಉತ್ತರ ಇರಬೇಕು, ಇಲ್ಲದಿದ್ದರೆ ‘ಕ್ವೆರಿ’ ಬೀಳುತ್ತದೆ. ಹೀಗಾಗಿ ಆಸ್ಪತ್ರೆಗಳ ನೋಟ್ಸ್ ಬರೆಯುವ ಪದ್ಧತಿಯೇ ಬದಲಾಯಿತು.

ಹಳೆಯ ಬಗೆಯ ನೋಟ್ ಹೀಗಿರುತ್ತಿತ್ತು: ‘ರೋಗಿ ಸ್ಟೇಬಲ್. ಫಿಸಿಯೋಥೆರಪಿ ಮುಂದುವರಿದಿದೆ. ಅದೇ ಚಿಕಿತ್ಸೆ.’ ತಿಂಗಳುಗಟ್ಟಲೆ ಇದೇ ಮೂರು ವಾಕ್ಯ. ವಿಮೆಯವರ ಕಣ್ಣಿಗೆ ಇದರಷ್ಟು ಅನುಕೂಲಕರ ಸಾಕ್ಷ್ಯ ಬೇರೊಂದಿಲ್ಲ. ಸ್ಟೇಬಲ್ ಆಗಿದ್ದರೆ ಮನೆಗೆ ಕಳಿಸಿ, ಅದೇ ಚಿಕಿತ್ಸೆಯಾದರೆ ಸುಧಾರಣೆ ಎಲ್ಲಿ? ಈಗ ಒಳ್ಳೆಯ ತಂಡ ಬರೆಯುವ ನೋಟ್ ಹೀಗಿರುತ್ತದೆ: ‘ಹಾಸಿಗೆಯಿಂದ ವ್ಹೀಲ್‌ಚೇರ್‌ಗೆ: ಸೋಮವಾರ ಇಬ್ಬರ ನೆರವು, ಇಂದು ಒಬ್ಬರ ನೆರವು. ಆಸರೆಯಿಲ್ಲದೆ ಕೂರುವುದು: 5 ನಿಮಿಷ. ಗಟ್ಟಿ ಗಂಜಿ, ಚಮಚಕ್ಕೆ 5 ಮಿ.ಲೀ.ನಂತೆ ಹತ್ತು ಚಮಚ, ಎರಡು ಸಲ ಕೆಮ್ಮು; ಮೂಗಿನ ನಳಿಕೆ ಇನ್ನೂ ಬೇಕು. ರಾತ್ರಿ ಬಿಪಿ 170/100, ಔಷಧ ಬದಲಾಯಿಸಿದೆ. ಬೆನ್ನ ಕೆಳಗೆ ಚರ್ಮ ಕೆಂಪಾಗಿದೆ, ಎರಡು ಗಂಟೆಗೊಮ್ಮೆ ಮಗ್ಗುಲು. ಮುಂದಿನ ವಾರದ ಗುರಿ: ಕಮೋಡ್ ಕುರ್ಚಿಗೆ ಒಬ್ಬರ ನೆರವಿನಲ್ಲಿ ವರ್ಗಾವಣೆ, ಹೆಂಡತಿಗೆ ತರಬೇತಿ.’ ರಾತ್ರಿ ವೈದ್ಯರು ಯಾಕೆ ಬೇಕು, ನರ್ಸ್ ಯಾಕೆ ಬೇಕು, ಮೂರು ಬಗೆಯ ಥೆರಪಿಸ್ಟರು ಒಟ್ಟಿಗೆ ಯಾಕೆ ಬೇಕು, ಏನು ಸುಧಾರಿಸಿದೆ, ಇನ್ನೇನು ಬಾಕಿ ಎಂಬುದೆಲ್ಲ ಏಳು ಸಾಲಿನಲ್ಲಿದೆ. ಜೊತೆಗೆ ವಾರಕ್ಕೊಮ್ಮೆ ಬಾರ್ತೆಲ್ ಸೂಚ್ಯಂಕದ ಅಂಕ. ಊಟ, ಸ್ನಾನ, ಬಟ್ಟೆ, ಮಲಮೂತ್ರದ ಹಿಡಿತ, ನಡಿಗೆ, ಮೆಟ್ಟಿಲು ಹೀಗೆ ಹತ್ತು ಕೆಲಸಗಳಿಗೆ ಒಟ್ಟು 100 ಅಂಕ.

ಈ ಬದಲಾವಣೆಯಿಂದ ರೋಗಿಗೂ ಲಾಭವಾಗಿದೆ, ಒಪ್ಪಿಕೊಳ್ಳಬೇಕು. ವಾರದ ಗುರಿ ಬರೆಯಲೇಬೇಕಾದಾಗ ತಂಡ ಒಟ್ಟಿಗೆ ಕೂತು ಮಾತಾಡಲೇಬೇಕಾಗುತ್ತದೆ. ಸ್ಪೀಚ್ ಥೆರಪಿಸ್ಟ್ ನೀರು ಕೊಡಬೇಡಿ ಎಂದಿದ್ದು ರಾತ್ರಿ ಪಾಳಿಯ ಆಯಾವರೆಗೆ ತಲುಪದೆ ರೋಗಿಗೆ ನ್ಯುಮೋನಿಯಾ ಆಗುವಂಥ ಪ್ರಸಂಗಗಳು ಇಂಥ ಕಡೆ ಕಡಿಮೆ.

ವಿಮೆಯ ಇನ್ನೊಂದು ಪಟ್ಟಿಯ ಬಗ್ಗೆ ಹೀಗೆ ಸಮಾಧಾನದಿಂದ ಮಾತಾಡುವುದು ಕಷ್ಟ. ವಿಮೆ ಕೊಡದಿರಬಹುದಾದ 68 ವಸ್ತುಗಳ ಪಟ್ಟಿ ಅದು. ಡಯಾಪರ್, ಊರುಗೋಲು ವಾಕರ್‌ಗಳ ಶುಲ್ಕ, ಕುತ್ತಿಗೆ ಪಟ್ಟಿ, ಸ್ಪ್ಲಿಂಟ್, ಮಂಡಿಯ ಬ್ರೇಸ್, ಸೊಂಟದ ಬೆಲ್ಟ್ ಎಲ್ಲ ಅದರಲ್ಲಿವೆ. ಗಾಳಿ ಹಾಸಿಗೆ, ನೀರಿನ ಹಾಸಿಗೆಯೂ ಇವೆ. ಸೊಂಟದ ಕೆಳಗೆ ಸ್ಪರ್ಶವಿಲ್ಲದ ರೋಗಿಗೆ ಬೆಡ್‌ಸೋರ್ ಬಾರದಂತೆ ತಡೆಯುವ ಗಾಳಿ ಹಾಸಿಗೆಯ ಬಾಡಿಗೆ ಮನೆಯವರು ಕೊಡಬೇಕು. ಹುಣ್ಣು ಆಗಿ, ಮೂಳೆ ಕಾಣುವಷ್ಟು ಆಳಕ್ಕಿಳಿದು, ಪ್ಲಾಸ್ಟಿಕ್ ಸರ್ಜರಿಗೆ ದಾಖಲಾದರೆ ಅದಕ್ಕೆ ಕ್ಲೇಮ್ ಇದೆ! ಕೆಲವು ಆಸ್ಪತ್ರೆಗಳು ಈ ವಸ್ತುಗಳನ್ನು ಪ್ರತ್ಯೇಕವಾಗಿ ಬಿಲ್ ಮಾಡದೆ ದಿನದ ಪ್ಯಾಕೇಜ್ ದರದೊಳಗೇ ಸೇರಿಸಿಬಿಟ್ಟಿವೆ. ಕೆಪಿಎಂಇ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕಾದ್ದರಿಂದ ಏನೇನು ಸೇರಿದೆ ಎಂಬುದೂ ಅಲ್ಲೇ ಸಿಗಬೇಕು. ಸಿಗದಿದ್ದರೆ ಮನೆಯವರು ದಾಖಲಾಗುವ ಮುಂಚೆ ಕೇಳಿ ಬರೆಸಿಕೊಳ್ಳುವುದೇ ಸರಿ.

ಇನ್ನು ದಾಖಲಾತಿಯ ಅವಧಿ. ಒಂದೂವರೆ ಎರಡು ತಿಂಗಳು ಒಳರೋಗಿಯಾಗಿ ಇಟ್ಟುಕೊಂಡು, ನಡೆಯುವಂತಾದ ಮೇಲೆ ಕಳಿಸುವ ಪದ್ಧತಿಗೆ ಈಗ ದುಡ್ಡು ಹೊಂದುವುದಿಲ್ಲ. ಎರಡು ಮೂರು ವಾರ ಬಿಗಿಯಾದ ಒಳರೋಗಿ ಚಿಕಿತ್ಸೆ, ಆಮೇಲೆ ವಾರಕ್ಕೆ ಮೂರು ದಿನ ಬಂದುಹೋಗುವುದು, ಆಮೇಲೆ ಮನೆಯಲ್ಲಿ ಎಂದು ಮೂರು ಹಂತಗಳಾಗಿವೆ. ಹೀಗೆ ಒಡೆದಾಗ ಯಾವುದು ಮೊದಲು ಎಂಬ ಕ್ರಮವೂ ತಿರುಗಿತು. ಮನೆಯವರು ಕೇಳುವ ಮೊದಲ ಪ್ರಶ್ನೆ ‘ಯಾವಾಗ ನಡೀತಾರೆ ಡಾಕ್ಟ್ರೇ?’ ಆದರೆ ಮನೆಗೆ ಕಳಿಸಲು ನಡಿಗೆ ಬೇಕಿಲ್ಲ. ಬೇಕಾದದ್ದು ಸುರಕ್ಷಿತವಾಗಿ ನುಂಗುವುದು, ಮೂತ್ರ ಮತ್ತು ಮಲದ ವ್ಯವಸ್ಥೆ, ಹಾಸಿಗೆಯಿಂದ ಕುರ್ಚಿಗೆ ವರ್ಗಾವಣೆ, ಚರ್ಮದ ಕಾಳಜಿ. ಈ ನಾಲ್ಕು ಸರಿಯಿಲ್ಲದೆ ಹತ್ತು ಹೆಜ್ಜೆ ನಡೆದವರು ತಿಂಗಳೊಳಗೆ ಜ್ವರ ಬಂದು ಮತ್ತೆ ಐಸಿಯುಗೆ ಹೋಗುತ್ತಾರೆ. ನಡಿಗೆಯನ್ನು ಎರಡನೇ ಹಂತಕ್ಕೆ ಬಿಟ್ಟರೂ ಆದೀತು.

ನುಂಗುವುದನ್ನೇ ತೆಗೆದುಕೊಳ್ಳಿ. ಸ್ಟ್ರೋಕ್ ಆದವರಿಗೆ ತೆಳು ನೀರು, ಮಜ್ಜಿಗೆ, ಕಾಫಿಯೇ ಅಪಾಯ; ಗಂಟಲಲ್ಲಿ ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತವೆ. ಗಟ್ಟಿ ರಾಗಿ ಗಂಜಿ, ಬಾಳೆಹಣ್ಣು ಹಿಚುಕಿದ್ದು ಸುಲಭ. ಎಲ್ಲಕ್ಕಿಂತ ಕಷ್ಟ ನಮ್ಮ ಮನೆಗಳ ಮಾಮೂಲಿ ಊಟ, ಅನ್ನಕ್ಕೆ ತಿಳಿಸಾರು. ಕಾಳೂ ನೀರೂ ಬೇರೆ ಬೇರೆ ವೇಗದಲ್ಲಿ ಇಳಿಯುವ ಮಿಶ್ರಣ ಅದು. ‘ಮೆತ್ತಗಿನ ಆಹಾರ ಕೊಡಿ’ ಎಂದು ಡಿಸ್ಚಾರ್ಜ್ ಸಮರಿಯಲ್ಲಿ ಬರೆದರೆ ಮನೆಯವರು ಕೊಡುವುದು ಇದನ್ನೇ. ಆದ್ದರಿಂದ ಈಗ ಚೀಟಿಯಲ್ಲಿ ಮನೆಯ ಅಡುಗೆಯ ಹೆಸರು ಹಿಡಿದೇ ಬರೆಯುತ್ತಾರೆ: ಯಾವುದು ಸರಿ, ಯಾವುದು ಬೇಡ, ನೆಟ್ಟಗೆ ಕೂರಿಸಿ ತಿನ್ನಿಸಬೇಕು, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು.

ಬೆನ್ನುಹುರಿ ಗಾಯದವರಲ್ಲಿ ಮೂತ್ರದ ಪಾಠವೇ ದೊಡ್ಡದು. ಕ್ಯಾಥೆಟರನ್ನು ಖಾಯಂ ಬಿಟ್ಟು ಕಳಿಸುವುದು ಸುಲಭ, ಆದರೆ ಸೋಂಕು, ಕಲ್ಲು, ಕಟ್ಟಿಕೊಳ್ಳುವುದು ಎಲ್ಲಕ್ಕೂ ಅದೇ ದಾರಿ. ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಕಲಿಸಬೇಕು. ಒಂದು ಸಲಕ್ಕೆ 500 ಮಿ.ಲೀ. ಮೀರಬಾರದು, ಮೀರಿದರೆ ಅಂತರ ಕಡಿಮೆ ಮಾಡಬೇಕು ಅಥವಾ ಸಂಜೆಯ ನೀರು ತಗ್ಗಿಸಬೇಕು. ಹೊತ್ತು, ಕುಡಿದದ್ದು, ಬಂದದ್ದು ಬರೆಯುವ ಚಾರ್ಟ್ ಕನಿಷ್ಠ ಒಂದು ವಾರ ತಪ್ಪದೆ ತುಂಬಬೇಕು. ಕೈಗಳಲ್ಲಿ ಬಲವಿಲ್ಲದವರಿಗೆ ಮನೆಯವರಲ್ಲಿ ಇಬ್ಬರಿಗೆ ಕಲಿಸಬೇಕು, ಒಬ್ಬರಿಗಲ್ಲ. ಆ ಒಬ್ಬರಿಗೆ ಜ್ವರ ಬಂದ ದಿನ ಎಲ್ಲ ಕೆಡುತ್ತದೆ. ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಮೂತ್ರ ಕಟ್ಟಿದರೆ ಬಿಪಿ ಏಕಾಏಕಿ ಏರಿ ತಲೆ ಸಿಡಿದು ಬೆವರು ಸುರಿಯುತ್ತದೆ. ತಕ್ಷಣ ಎಬ್ಬಿಸಿ ಕೂರಿಸಬೇಕು, ಬಿಗಿಯಾದ ಬಟ್ಟೆ ಸಡಿಲಿಸಬೇಕು, ನಳಿಕೆ ಮಡಚಿದೆಯೇ ನೋಡಬೇಕು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇದನ್ನು ಸಾಮಾನ್ಯ ಬಿಪಿ ಎಂದು ತಿಳಿದು ಮಲಗಿಸಿ ಮಾತ್ರೆ ಕೊಡುವ ಸಂಭವ ಹೆಚ್ಚಾದ್ದರಿಂದ, ಕನ್ನಡ ಇಂಗ್ಲಿಷ್ ಎರಡರಲ್ಲೂ ಅಚ್ಚು ಹಾಕಿದ ಕಾರ್ಡೊಂದನ್ನು ರೋಗಿಯ ಜೇಬಿಗೆ ಹಾಕಿ ಕಳಿಸುವುದು ಒಳ್ಳೆಯ ರೂಢಿ.

ಎಂಟು ವಾರದ ಕೆಲಸ ಮೂರು ವಾರಕ್ಕೆ ಇಳಿದಾಗ ಉಳಿದ ಐದು ವಾರ ಮಾಯವಾಗುವುದಿಲ್ಲ, ಮನೆಯ ಹೆಂಗಸರ ಹೆಗಲೇರುತ್ತದೆ. ‘ಕುಟುಂಬ ತರಬೇತಿ’ ಎಂಬ ಚಂದದ ಹೆಸರಿನ ಹಿಂದೆ ಇರುವುದು ಇದು. ಒಳ್ಳೆಯ ಆಸ್ಪತ್ರೆ ಮೂರನೇ ದಿನದಿಂದಲೇ ತರಬೇತಿ ಶುರು ಮಾಡಿ, ಥೆರಪಿಸ್ಟ್ ಕೈಕಟ್ಟಿ ನಿಂತು, ಮನೆಯವರೇ ಪೂರ್ತಿ ಮಾಡಿ ತೋರಿಸುವವರೆಗೆ ಬಿಡುವುದಿಲ್ಲ. ಸಾಧಾರಣ ಆಸ್ಪತ್ರೆ ಡಿಸ್ಚಾರ್ಜ್ ದಿನ ಬಿಲ್ ಕಟ್ಟುವ ಹೊತ್ತಲ್ಲಿ ಹದಿನೈದು ನಿಮಿಷ ಹೇಳಿ ಸಹಿ ಹಾಕಿಸಿಕೊಳ್ಳುತ್ತದೆ. ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಿ ಭುಜದ ಕೀಲು ಜಾರಿಸಿಬಿಡುವುದು ಈ ಎರಡನೇ ಬಗೆಯ ತರಬೇತಿಯ ಫಲ.

ಸರ್ಕಾರಿ ಯೋಜನೆಗಳ ಸಂಗತಿ ಬೇರೆ. 2018ರಿಂದ ನಮ್ಮ ರಾಜ್ಯದಲ್ಲಿ ಕೇಂದ್ರದ ಆಯುಷ್ಮಾನ್ ಭಾರತವನ್ನೂ ರಾಜ್ಯದ ಆರೋಗ್ಯ ಕರ್ನಾಟಕವನ್ನೂ ಒಂದಾಗಿಸಿ ನಡೆಸುತ್ತಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗಲು ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಪುನಶ್ಚೇತನ ಎಂದೂ ತುರ್ತು ಅನ್ನಿಸಿಕೊಳ್ಳುವುದಿಲ್ಲ. ಪ್ಯಾಕೇಜುಗಳ ಹಂದರವೇ ಶಸ್ತ್ರಚಿಕಿತ್ಸೆ, ಪ್ರೊಸೀಜರ್ ಎಂಬ ಘಟನೆಗಳ ಮೇಲೆ ನಿಂತಿದೆ. ಹೊರರೋಗಿ ಚಿಕಿತ್ಸೆ ಅದರಲ್ಲಿಲ್ಲ. ಮಂಡಿಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಹಣ ಬರುತ್ತದೆ, ಆಮೇಲೆ ಆರು ವಾರ ಮಂಡಿ ಮಡಚುವ ವ್ಯಾಯಾಮ ಮಾಡಿಸದಿದ್ದರೆ ಬಿಗಿದುಕೊಳ್ಳುವ ಆ ಮಂಡಿಯ ಬಗ್ಗೆ ಯಾರೂ ಕೇಳುವುದಿಲ್ಲ. ಇದನ್ನು ಅರಿತ ಸರ್ಕಾರಿ ಮತ್ತು ಟ್ರಸ್ಟ್ ಆಸ್ಪತ್ರೆಗಳು ಪುನಶ್ಚೇತನವನ್ನು ಮೂಲ ದಾಖಲಾತಿಯೊಳಗೇ ತಂದಿವೆ. ಐಸಿಯುನಲ್ಲೇ ಎರಡನೇ ದಿನದಿಂದ ಮಗ್ಗುಲು, ಕೀಲುಗಳ ಚಲನೆ, ನುಂಗುವ ಪರೀಕ್ಷೆ, ಕೂರಿಸುವುದು. ಇದಕ್ಕೆ ಪ್ರತ್ಯೇಕ ಹಣವಿಲ್ಲ, ಆದರೆ ವಾಸ್ತವ್ಯ ಕಡಿಮೆಯಾಗುತ್ತದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ನಡೆಸುತ್ತಿರುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ಜಿಲ್ಲಾ ಮಟ್ಟದಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿರುವುದು ಇನ್ನೊಂದು ಆಸರೆ. ಬೆಂಗಳೂರಿನಿಂದ ಡಿಸ್ಚಾರ್ಜ್ ಆದವರು ಪ್ರತಿ ಫಾಲೋಅಪ್‌ಗೂ ಬಸ್ಸೇರಿ ಬರುವುದು ತಪ್ಪಿದರೆ ಅದೇ ದೊಡ್ಡದು.

ಅಪಘಾತದ ಪ್ರಕರಣಗಳಲ್ಲಿ ಇನ್ನೊಂದು ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅಲ್ಲಿ ಮುಂದಿನ ಚಿಕಿತ್ಸೆಯ ಖರ್ಚು, ನೋಡಿಕೊಳ್ಳುವವರ ಖರ್ಚು ಎರಡನ್ನೂ ಕೇಳಬಹುದು. ನೋಡಿಕೊಳ್ಳುವವರ ಒಂದು ವರ್ಷದ ಖರ್ಚನ್ನು ಗಾಯಾಳುವಿನ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ಹೇಳಿದೆ. ಹಣ ಬರುವುದು ವರ್ಷಗಳ ಮೇಲೆ. ಆದರೂ ದಾಖಲೆ ಈಗಲೇ ಆಗಬೇಕು: ದಿನಕ್ಕೆ ಎಷ್ಟು ಗಂಟೆ ನೆರವು ಬೇಕು, ಎಷ್ಟು ನಳಿಕೆ, ಎಷ್ಟು ಡಯಾಪರ್, ವ್ಹೀಲ್‌ಚೇರ್ ಎಷ್ಟು ವರ್ಷಕ್ಕೊಮ್ಮೆ ಬದಲು. ‘ಫಿಸಿಯೋಥೆರಪಿ ಬೇಕಾಗಬಹುದು’ ಎಂಬ ಪ್ರಮಾಣಪತ್ರ ಹಿಡಿದು ಹೋದ ವಕೀಲರ ಕೈಯಲ್ಲಿ ಏನೂ ಇರುವುದಿಲ್ಲ.

ವ್ಹೀಲ್‌ಚೇರ್ ಬಗ್ಗೆ ಬಂದರೆ ಗಡುವಿನ ಇಕ್ಕಟ್ಟು ಕಣ್ಣಿಗೇ ಕಾಣುತ್ತದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸರ್ಕಾರಿ ಕಂಪನಿ ಅಲಿಂಕೋ ತಯಾರಿಸಿದ ಸಾಧನಗಳು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಸಿಗುತ್ತವೆ, ಆದರೆ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿತು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬಂತು, 2024ರ ತಿದ್ದುಪಡಿ ನಿಯಮಗಳಲ್ಲಿ ಕಾರ್ಡಿಗೆ ಬಿಳಿ, ಹಳದಿ, ನೀಲಿ ಬಣ್ಣಗಳೂ ಬಂದವು. ಆದರೆ ಆರು ತಿಂಗಳ ಕಾಯುವಿಕೆ ಇದ್ದೇ ಇದೆ. ರೋಗಿಗೆ ವ್ಹೀಲ್‌ಚೇರ್ ಬೇಕಾಗುವುದು ಮನೆಗೆ ಹೋಗುವ ದಿನ. ಇದಕ್ಕೆ ಹಲವೆಡೆ ಕಂಡುಕೊಂಡಿರುವ ಉಪಾಯ ವ್ಹೀಲ್‌ಚೇರ್ ಬ್ಯಾಂಕ್. ಠೇವಣಿ ಇಟ್ಟು ಆರೆಂಟು ತಿಂಗಳಿಗೆ ಒಯ್ದು, ಸರ್ಕಾರಿ ಕುರ್ಚಿ ಬಂದ ಮೇಲೆ ಮರಳಿಸುವುದು. ಕುರ್ಚಿ ಸಿಕ್ಕರಾಯಿತು ಎಂದಲ್ಲ. ಸೀಟಿನ ಅಗಲ ಸೊಂಟಕ್ಕೆ ಸರಿಹೊಂದದಿದ್ದರೆ ವಾಲಿ ಕೂತು ಬೆನ್ನು ಡೊಂಕಾಗುತ್ತದೆ, ಕುಶನ್ ಇಲ್ಲದಿದ್ದರೆ ಹುಣ್ಣು. ಆಸ್ಪತ್ರೆ ಕಾರಿಡಾರಿನಲ್ಲಿ ತಳ್ಳುವ ಕುರ್ಚಿ ದಿನವಿಡೀ ಕೂರುವುದಕ್ಕಲ್ಲ.

ಇನ್ನು ಮನೆ. ರ‍್ಯಾಂಪ್ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಮನೆಗಳ ಪಾಯ ಒಂದೂವರೆ ಅಡಿ ಎಂದುಕೊಂಡರೂ 18 ಅಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಗೇಟಿನಿಂದ ಬಾಗಿಲಿಗೇ ಅಷ್ಟು ದೂರ ಇರುವುದಿಲ್ಲ. ಬಚ್ಚಲ ಬಾಗಿಲು ಎರಡೂಕಾಲು ಅಡಿ, ಕುರ್ಚಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ದಾಖಲಾದ ಮೊದಲ ವಾರದಲ್ಲೇ ಮನೆಯವರಿಂದ ಬಾಗಿಲು, ಹೊಸ್ತಿಲು, ಮಂಚದ ಎತ್ತರ, ಬಚ್ಚಲುಗಳ ಫೋಟೊ ಮತ್ತು ಅಳತೆ ತರಿಸಿಕೊಂಡು, ಅದೇ ಎತ್ತರದ ಮಂಚದ ಮೇಲೆ, ಅದೇ ಇಕ್ಕಟ್ಟಿನಲ್ಲಿ ಅಭ್ಯಾಸ ಮಾಡಿಸುವುದು ಲೇಸು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಕರ್ನಾಟಕದ ಈ ಜಾಲವನ್ನು ನಗರದ ಆಸ್ಪತ್ರೆಗಳು ಬಳಸಿಕೊಳ್ಳುವುದೇ ಅಪರೂಪ. ಎಷ್ಟೋ ಸಮಾಜಕಾರ್ಯ ವಿಭಾಗಗಳಿಗೆ ಇದರ ಅರಿವೇ ಇಲ್ಲ. ಡಿಸ್ಚಾರ್ಜ್‌ಗೆ ಮೊದಲೇ ಅವರಿಗೊಂದು ಫೋನ್ ಹೋದರೆ ಯುಡಿಐಡಿ ಅರ್ಜಿ, ಮಾಸಾಶನ, ಅಲಿಂಕೋ ಶಿಬಿರದ ದಿನಾಂಕ ಎಲ್ಲ ಮನೆಬಾಗಿಲಲ್ಲೇ ಗೊತ್ತಾಗುತ್ತದೆ.

ತಂಡದೊಳಗೂ ಕಾನೂನು ಬದಲಾಗಿದೆ. ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟರು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ಬಂದರು. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ಕೃತಕ ಕಾಲು ಮಾಡುವವರು 1992ರ ಪುನರ್ವಸತಿ ಪರಿಷತ್ ಕಾಯ್ದೆಯಡಿ. ವೈದ್ಯರು, ನರ್ಸ್‌ಗಳಿಗೆ ತಂತಮ್ಮ ಪರಿಷತ್ತು. ಒಂದೇ ರೋಗಿಯ ಫೈಲಿನಲ್ಲಿ ನಾಲ್ಕು ಕಾಯ್ದೆಗಳವರ ಸಹಿ. ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ ‘ಡಾ.’ ಹಾಕಬಹುದೇ ಎಂಬ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಬೇಡವೆಂದು ಪತ್ರ ಬರೆದು ಆಮೇಲೆ ಹಿಂಪಡೆದದ್ದು ಸುದ್ದಿಯಾಯಿತು. ರೋಗಿಗೆ ಮುಖ್ಯವಾದದ್ದು ಅದಲ್ಲ, ಸಹಿ ಮಾಡಿದವರಿಗೆ ನೋಂದಣಿ ಸಂಖ್ಯೆ ಇದೆಯೇ ಎಂಬುದು. ಮನೆಗೆ ಬಂದು ಮಾಡಿದ ಥೆರಪಿಯ ರಸೀದಿಯಲ್ಲಿ ಆ ಸಂಖ್ಯೆ, ದಿನಾಂಕ, ವೈದ್ಯರ ಸಲಹೆ ಚೀಟಿ ಮೂರೂ ಇದ್ದರೆ ಡಿಸ್ಚಾರ್ಜ್ ನಂತರದ ಖರ್ಚೆಂದು ಕೇಳಲು ದಾರಿಯಿದೆ. ಬರೀ ವಾಟ್ಸ್‌ಆ್ಯಪ್ ಸಂದೇಶ ಮತ್ತು ಯುಪಿಐ ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಇಲ್ಲ.

ಅಳತೆಗೆ ತಕ್ಕಂತೆ ಹಣ ಕೊಡುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಅಲ್ಲಿ ಮುಖ್ಯವಾಗಿ ಹಿರಿಯರಿಗೆಂದು ಸರ್ಕಾರ ನಡೆಸುವ ವಿಮೆ ಮೆಡಿಕೇರ್, ಪುನಶ್ಚೇತನ ಆಸ್ಪತ್ರೆಯ ರೋಗಿ ವಾರಕ್ಕೆ ಐದು ದಿನ ದಿನಕ್ಕೆ ಮೂರು ಗಂಟೆಯ ಥೆರಪಿ ತಾಳಿಕೊಳ್ಳುವಂತಿರಬೇಕು ಎನ್ನುತ್ತದೆ. ಆಸ್ಪತ್ರೆಯ ಶೇ 60ರಷ್ಟು ರೋಗಿಗಳು ಗುರುತಿಸಿದ 13 ಕಾಯಿಲೆಗಳಲ್ಲಿ ಒಂದನ್ನು ಹೊಂದಿರಬೇಕು. ಪುನಶ್ಚೇತನಕ್ಕೆ ಅದರದೇ ದರವಿದೆ ಎಂಬುದು ದೊಡ್ಡ ಅನುಕೂಲ. ಜೊತೆಗೆ ಒಂದು ಕೆಡುಕೂ ಇದೆ: ಮೂರು ಗಂಟೆ ತಾಳಲಾರದ ಬಡಕಲು ಮುದುಕರು ಬಾಗಿಲಲ್ಲೇ ಹಿಂದಿರುಗಬೇಕಾಗುತ್ತದೆ.

ಅದರ ಸಣ್ಣ ರೂಪ ಇಲ್ಲೂ ಶುರುವಾಗಿದೆ. ವಾರಕ್ಕೊಮ್ಮೆ ಅಂಕ ಏರಬೇಕಾದಾಗ, ಅಂಕ ಏರದ ರೋಗಿ ಯಾರಿಗೂ ಬೇಡ. ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಎಚ್ಚರವಿಲ್ಲದವರು, ಮರೆವಿನ ಕಾಯಿಲೆಯ ಜೊತೆಗೆ ಸೊಂಟದ ಮೂಳೆ ಮುರಿದವರು ‘ಪುನಶ್ಚೇತನಕ್ಕೆ ಸೂಕ್ತರಲ್ಲ’ ಎನಿಸಿಕೊಳ್ಳುತ್ತಾರೆ. ಬಾರ್ತೆಲ್ ಸೂಚ್ಯಂಕದಲ್ಲಿ ಮಾತಿಗೆ ಒಂದೇ ಒಂದು ಅಂಕವೂ ಇಲ್ಲ. ನಡೆಯಬಲ್ಲ, ತಿನ್ನಬಲ್ಲ, ಆದರೆ ಹೆಂಡತಿಯ ಹೆಸರನ್ನೂ ಹೇಳಲಾರದ ಮೇಷ್ಟರಿಗೆ 100ಕ್ಕೆ 100 ಬರಬಹುದು, ಮತ್ತು ಆ ಕಾರಣಕ್ಕೇ ಚಿಕಿತ್ಸೆ ಬೇಕಿಲ್ಲ ಎಂಬ ಉತ್ತರವೂ ಬರಬಹುದು. ಇಂಥವರಿಗೆ, ಮಾತು ಎಷ್ಟು ಕೆಟ್ಟಿದೆ ಎಂದು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದಂಥ ಪರೀಕ್ಷೆಯ ಅಂಕವನ್ನೂ ಫೈಲಿಗೆ ಸೇರಿಸಬೇಕು. ಸ್ಪೀಚ್ ಥೆರಪಿಸ್ಟ್ ವಾರಕ್ಕೆರಡು ದಿನ ಬಂದುಹೋಗುವ ಕಡೆ ಇದು ನಡೆಯುವುದಿಲ್ಲ.

ಎಲ್ಲಕ್ಕಿಂತ ಅವಸರವಾಗಿ ಬದಲಾಗಬೇಕಾದ್ದು ‘ಡೇಕೇರ್ ಚಿಕಿತ್ಸೆ’ಯ ವ್ಯಾಖ್ಯಾನ. ಬೆಳಿಗ್ಗೆ ಹತ್ತಕ್ಕೆ ಬಂದು, ಐದು ಗಂಟೆ ಮೂರು ಬಗೆಯ ಥೆರಪಿ ಪಡೆದು, ಸಂಜೆ ಮನೆಗೆ ಹೋಗುವುದು ವಿಮೆಗೂ ಅಗ್ಗ, ರೋಗಿಗೂ ಹಿತ. ಆದರೆ 24 ಗಂಟೆ ಆಗದ್ದರಿಂದ ಅದು ಒಳರೋಗಿ ಚಿಕಿತ್ಸೆಯಲ್ಲ. ಡೇಕೇರ್ ಎನ್ನಬೇಕೆಂದರೆ ವ್ಯಾಖ್ಯಾನದಲ್ಲಿ ಪೂರ್ಣ ಅಥವಾ ಸ್ಥಳೀಯ ಅರಿವಳಿಕೆ ಕೊಟ್ಟು ಮಾಡಿದ ಚಿಕಿತ್ಸೆ ಎಂದಿದೆ. ನಡಿಗೆ ಕಲಿಸಲು ಅರಿವಳಿಕೆ ಕೊಡುವುದು ಹೇಗೆ! ಉಳಿದದ್ದು ಹೊರರೋಗಿ, ಅದು ಹೆಚ್ಚಿನ ಪಾಲಿಸಿಗಳಲ್ಲಿ ಇಲ್ಲ. ಹೀಗಾಗಿ ಮನೆಯಿಂದ ಬಂದುಹೋಗಬಲ್ಲ ರೋಗಿಗೂ ಹಾಸಿಗೆ ಕೊಟ್ಟು ರಾತ್ರಿ ಉಳಿಸಿಕೊಳ್ಳುವಂತೆ ಆಸ್ಪತ್ರೆಗಳನ್ನು ದೂಡುತ್ತಿರುವುದು ಪಾಲಿಸಿಯೇ. ಅದೇ ರೋಗಿಯ ಫೈಲಿಗೆ ಆಮೇಲೆ ‘ಇವರು ಹೊರರೋಗಿಯಾಗಿ ಬರಬಹುದಿತ್ತಲ್ಲ?’ ಎಂಬ ಕ್ವೆರಿ ಬರುತ್ತದೆ. ಸದ್ಯಕ್ಕೆ ಕೆಲವು ಆಸ್ಪತ್ರೆಗಳು ಇದನ್ನು ಡಿಸ್ಚಾರ್ಜ್ ನಂತರದ 60 ದಿನದ ಖರ್ಚಿನಡಿ ತರುತ್ತವೆ: ಒಳರೋಗಿ ಅವಧಿಯನ್ನು ಎರಡು ವಾರಕ್ಕೆ ಮುಗಿಸಿ, ಡಿಸ್ಚಾರ್ಜ್ ಸಮರಿಯಲ್ಲೇ ವಾರಕ್ಕೆ ಎಷ್ಟು ದಿನ, ಯಾವ ಯಾವ ಥೆರಪಿ, ಎಷ್ಟು ವಾರ ಎಂದು ನಿಖರವಾಗಿ ಬರೆದು, ಮೊದಲ ಬಿಲ್ಲಿನ ಕ್ಲೇಮ್ ಸಂಖ್ಯೆಯನ್ನೇ ಮುಂದಿನ ಪ್ರತಿ ರಸೀದಿಯ ಮೇಲೂ ನಮೂದಿಸಿ. ಸಮರಿಯಲ್ಲಿ ಆ ಸಾಲು ಬಿಟ್ಟುಹೋಗಿ ಆಮೇಲೆ ಬೇರೆ ಕಾಗದದಲ್ಲಿ ಬರೆಸಿಕೊಂಡು ಬಂದವರ ಬಿಲ್ಲುಗಳು ವಾಪಸಾಗುವುದೇ ಹೆಚ್ಚು. ಸಮರಿಗೆ ಸಹಿ ಬೀಳುವ ಮುಂಚೆ ಅದನ್ನು ಒಮ್ಮೆ ಓದಿಸಿಕೊಳ್ಳಲು ಹತ್ತು ನಿಮಿಷ ಸಾಕು.